ಕಾರ್ಬ್ ಲೆಕ್ಕ ಇಡುವವರಿಗೆ ವೈನ್: ಕಪಾಟಿನಲ್ಲಿ ಯಾವುದು ಸೈ, ಯಾವುದು ಬೇಡ

ಅನ್ನ ಬಿಟ್ಟು, ಮುದ್ದೆ ಅರ್ಧ ಮಾಡಿ, ಕಾಫಿಗೆ ಸಕ್ಕರೆ ನಿಲ್ಲಿಸಿದವರು ವೈನ್ ಅಂಗಡಿಯಲ್ಲಿ ‘ಸಕ್ಕರೆ ಕಡಿಮೆ ಇರೋದು ಯಾವುದು’ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ರೆಡ್ ತಗೊಳ್ಳಿ ಸಾರ್’. ಈ ಉತ್ತರ ಅರ್ಧ ಮಾತ್ರ ಸರಿ. ಗ್ರೋವರ್ ಲಾ ರಿಸರ್ವ್ ಕೂಡ ಕೆಂಪು, ಗೋಲ್ಕೊಂಡ ರೂಬಿ ಕೂಡ ಕೆಂಪು. ಮೊದಲನೆಯದರಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ, ಎರಡನೆಯದು ಸಿಹಿಗೆಂದೇ ಮಾಡಿದ್ದು. ಬಣ್ಣ ನೋಡಿ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಸಕ್ಕರೆ, ಪಿಷ್ಟ) ಹೇಳಲು ಆಗುವುದಿಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಬಾಟಲಿಗಳನ್ನು ಈ ಒಂದೇ ದೃಷ್ಟಿಯಿಂದ ಇಲ್ಲಿ ಅಳೆದಿದೆ. ರುಚಿಯ ಮಾತು ಬೇಕಾದಷ್ಟೇ.

ಮೊದಲು ಲೆಕ್ಕ. ವೈನ್‌ಗೆಂದು ಕೊಯ್ದ ಮಾಗಿದ ದ್ರಾಕ್ಷಿಯ ಒಂದು ಲೀಟರ್ ರಸದಲ್ಲಿ ಸುಮಾರು 220 ಗ್ರಾಂ ಸಕ್ಕರೆ ಇರುತ್ತದೆ. ಯೀಸ್ಟ್ ಅದನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಖರ್ಚಾದರೆ ಶೇ 1ರಷ್ಟು ಆಲ್ಕೋಹಾಲ್ ಹುಟ್ಟುತ್ತದೆ. ಹುದುಗುವಿಕೆ ತಾನಾಗಿ ಮುಗಿಯಲು ಬಿಟ್ಟರೆ ಶೇ 13ರ ಹೊತ್ತಿಗೆ ಸಕ್ಕರೆ ಹೆಚ್ಚುಕಡಿಮೆ ಖಾಲಿ. ಇದೇ ‘ಡ್ರೈ’ ವೈನ್. ಯುರೋಪಿನ ನಿಯಮದಲ್ಲಿ ಡ್ರೈ ಎಂದರೆ ಲೀಟರಿಗೆ 4 ಗ್ರಾಂ ಸಕ್ಕರೆಯ ಒಳಗೆ. ಹುಳಿ ಜಾಸ್ತಿ ಇರುವ ವೈನ್‌ಗೆ 9 ಗ್ರಾಂವರೆಗೆ ರಿಯಾಯಿತಿ ಉಂಟು. ಅದರ ಮೇಲೆ 12ರವರೆಗೆ ಮೀಡಿಯಂ ಡ್ರೈ, 45ರವರೆಗೆ ಮೀಡಿಯಂ ಸ್ವೀಟ್, ಅದನ್ನೂ ದಾಟಿದರೆ ಸ್ವೀಟ್. ಸಿಹಿ ಉಳಿಯಬೇಕೆಂದರೆ ವೈನ್ ಮಾಡುವವರು ಹುದುಗುವಿಕೆಯನ್ನು ಮಧ್ಯದಲ್ಲೇ ತಡೆಯಬೇಕು: ಟ್ಯಾಂಕ್ ತಣ್ಣಗೆ ಮಾಡಿ ಯೀಸ್ಟನ್ನು ಸೋಸಿ ತೆಗೆಯಬೇಕು, ಇಲ್ಲವೇ ಪೋರ್ಟ್ ಎಂಬ ಸಿಹಿ ವೈನ್‌ನಲ್ಲಿ ಮಾಡುವಂತೆ ಬ್ರಾಂದಿಯಂಥ ಸ್ಪಿರಿಟ್ ಸುರಿದು ಯೀಸ್ಟನ್ನು ಕೊಲ್ಲಬೇಕು. ಇನ್ನೊಂದು ಸುಲಭದ ದಾರಿಯೂ ಇದೆ, ಕೊನೆಯಲ್ಲಿ ದ್ರಾಕ್ಷಿರಸದ ಸಾಂದ್ರವನ್ನು ಬೆರೆಸುವುದು. ಅಗ್ಗದ ವೈನ್ ‘ಮೃದು’ವಾಗಿದೆ ಎಂದು ಅನಿಸಿದಾಗ ಈ ಅನುಮಾನ ಇರಲಿ.

ಇದನ್ನು ಗ್ಲಾಸಿಗೆ ಇಳಿಸೋಣ. 750 ಎಂ.ಎಲ್. ಬಾಟಲಿಯಲ್ಲಿ 150 ಎಂ.ಎಲ್.ನ ಐದು ಗ್ಲಾಸ್. ಲೀಟರಿಗೆ 4 ಗ್ರಾಂ ಇರುವ ಡ್ರೈ ವೈನ್‌ನ ಒಂದು ಗ್ಲಾಸಿನಲ್ಲಿ 0.6 ಗ್ರಾಂ ಸಕ್ಕರೆ. 12 ಗ್ರಾಂ ಇದ್ದರೆ 1.8. ಮೀಡಿಯಂ ಸ್ವೀಟ್‌ನ ಮೇಲಿನ ತುದಿ 45ಕ್ಕೆ ಹೋದರೆ 6.75. ಪೋರ್ಚುಗಲ್ಲಿನ ಅಸಲಿ ಪೋರ್ಟ್ ಲೀಟರಿಗೆ ಸುಮಾರು 100 ಗ್ರಾಂ, 60 ಎಂ.ಎಲ್. ಕುಡಿದರೂ 6 ಗ್ರಾಂ ಒಳಗೆ ಹೋಯಿತು. ಹೋಲಿಕೆಗೆ ಹೇಳುವುದಾದರೆ 650 ಎಂ.ಎಲ್.ನ ಸಾಮಾನ್ಯ ಲಾಗರ್ ಬಿಯರಿನಲ್ಲಿ 20 ಗ್ರಾಂ ಆಸುಪಾಸು ಕಾರ್ಬ್. ದಿನಕ್ಕೆ 20ರಿಂದ 50 ಗ್ರಾಂ ಕಾರ್ಬ್ ಮಿತಿ ಹಾಕಿಕೊಂಡವರಿಗೆ ಡ್ರೈ ವೈನಿನ ಒಂದು ಗ್ಲಾಸ್ ದೊಡ್ಡ ಹೊರೆಯಲ್ಲ.

ಆದರೆ ಡಯಟ್ ಆ್ಯಪ್ ತೆರೆದರೆ ಅದೇ ಗ್ಲಾಸಿಗೆ 3.8 ಗ್ರಾಂ ಕಾರ್ಬ್ ಎಂದು ಬರುತ್ತದೆ. 0.6 ಎಲ್ಲಿ, 3.8 ಎಲ್ಲಿ? ಆ ಅಂಕಿ ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಿಂದ ಬಂದದ್ದು. ಅಲ್ಲಿ ಕಾರ್ಬನ್ನು ನೇರವಾಗಿ ಅಳೆಯುವುದಿಲ್ಲ. ನೀರು, ಆಲ್ಕೋಹಾಲ್, ಪ್ರೋಟೀನ್, ಕೊಬ್ಬು, ಬೂದಿ (ಖನಿಜಾಂಶ) ಎಲ್ಲ ಕಳೆದು ಮಿಕ್ಕಿದ್ದನ್ನು ಕಾರ್ಬ್ ಎಂದು ಬರೆಯುತ್ತಾರೆ. ವೈನಿನಲ್ಲಿ ಹೀಗೆ ಮಿಕ್ಕುವುದರಲ್ಲಿ ಹುಳಿಯ ಆಮ್ಲಗಳೂ ಗ್ಲಿಸರಾಲೂ ಸೇರಿವೆ. ಅದೇ ಪಟ್ಟಿಯ ಸಕ್ಕರೆಯ ಸಾಲು ನೋಡಿದರೆ ಕೆಂಪು ವೈನ್ ಗ್ಲಾಸಿಗೆ 1 ಗ್ರಾಂ ಒಳಗೇ ಇದೆ. ಕಟ್ಟುನಿಟ್ಟಾಗಿ ಕೀಟೋ (ಕಾರ್ಬ್ ಬಹುಪಾಲು ಬಿಟ್ಟ ಆಹಾರಕ್ರಮ) ಮಾಡುವವರು 3.8 ಎಂದೇ ಬರೆದುಕೊಳ್ಳಲಿ, ನಷ್ಟವಿಲ್ಲ. ಆದರೆ ಎರಡು ಡ್ರೈ ವೈನ್‌ಗಳನ್ನು ಹೋಲಿಸಲು ಆ್ಯಪ್ ಕೆಲಸಕ್ಕೆ ಬಾರದು. ಅದಕ್ಕೆ ಎಲ್ಲ ಕೆಂಪೂ ಒಂದೇ.

ಹಾಗಾದರೆ ಬಾಟಲಿಯನ್ನೇ ಓದಬೇಕು. ನಮ್ಮ ದೇಶದ ಲೇಬಲ್ ಮೇಲೆ ಆಲ್ಕೋಹಾಲ್ ಪ್ರಮಾಣ ಕಡ್ಡಾಯ, ಸಕ್ಕರೆ ಎಷ್ಟು ಗ್ರಾಂ ಎಂಬುದು ಸಿಗುವುದಿಲ್ಲ. ಇದ್ದುದರಲ್ಲೇ ಸುಳಿವು ಹುಡುಕಬೇಕು. ಶೇ 12.5ರಿಂದ 14ರ ನಡುವೆ ಇದ್ದರೆ ಸಕ್ಕರೆ ಬಹುಮಟ್ಟಿಗೆ ಆಲ್ಕೋಹಾಲ್ ಆಗಿ ಹೋಗಿದೆ ಎಂದರ್ಥ. ಶೇ 10ಕ್ಕಿಂತ ಕೆಳಗಿದ್ದರೆ ಯೀಸ್ಟಿನ ಕೆಲಸ ಅರ್ಧಕ್ಕೆ ನಿಂತಿರುವ ಸಾಧ್ಯತೆಯೇ ಹೆಚ್ಚು. ಇಟಲಿಯ ಮೊಸ್ಕಾಟೊ ದಾಸ್ತಿ ಶೇ 5ರ ಆಸುಪಾಸು. ಅದು ಕುಡಿಯುವ ಮಿಠಾಯಿ. ‘ಕಡಿಮೆ ಆಲ್ಕೋಹಾಲ್, ಹಗುರ’ ಎಂದು ಕೊಂಡು ಕಾರ್ಬ್ ತಲೆಮೇಲೆ ಹೊತ್ತುಕೊಳ್ಳುವುದು ಇಲ್ಲಿಯೇ. ಇನ್ನೊಂದು ತುದಿಯಲ್ಲಿ, ಶೇ 18ರಿಂದ 20 ಎಂದು ಕಂಡರೆ ಅದು ಸ್ಪಿರಿಟ್ ಬೆರೆಸಿದ ವೈನ್, ಬಹಳ ಸಲ ಸಿಹಿ. ನಡುವಿನ ಪಟ್ಟಿಯೇ ನಿಮ್ಮದು.

ಪದಗಳೂ ನೆರವಿಗಿವೆ. ಜರ್ಮನ್ ಬಾಟಲಿಯಲ್ಲಿ ಟ್ರೊಕನ್ ಎಂದರೆ ಡ್ರೈ, ಹಾಲ್ಬ್‌ಟ್ರೊಕನ್ ಎಂದರೆ ಅರೆ ಡ್ರೈ. ಇಟಲಿಯಲ್ಲಿ ಸೆಕ್ಕೊ ಡ್ರೈ, ಅಮಾಬಿಲೆ ಅರೆಸಿಹಿ, ದೋಲ್ಚೆ ಸಿಹಿ. ಫ್ರೆಂಚ್ ಲೇಬಲ್ಲಿನಲ್ಲಿ ಮೊಯೆಲ್ಯೂ ಕಂಡರೆ ವಾಪಸಿಡಿ. ‘ಲೇಟ್ ಹಾರ್ವೆಸ್ಟ್’ ಎಂದರೆ ದ್ರಾಕ್ಷಿಯನ್ನು ಬಳ್ಳಿಯಲ್ಲೇ ಬಿಟ್ಟು, ಸಕ್ಕರೆ ಏರಿದ ಮೇಲೆ ಕೊಯ್ದದ್ದು. ಯುರೋಪಿನಲ್ಲಿ 2023ರ ಡಿಸೆಂಬರ್ 8ರ ನಂತರ ತಯಾರಾದ ವೈನ್‌ಗೆ ಪೋಷಕಾಂಶದ ವಿವರ ಕಡ್ಡಾಯವಾಗಿದೆ: ಕ್ಯಾಲರಿ ಲೇಬಲ್ ಮೇಲೆಯೇ, ಉಳಿದದ್ದು ಕ್ಯೂಆರ್ ಕೋಡಿನ ಹಿಂದೆ. ಹೊಸ ಸುಗ್ಗಿಯ ಆಮದು ಬಾಟಲಿಯಲ್ಲಿ ಈ ಕೋಡ್ ಕಂಡರೆ ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ; 100 ಎಂ.ಎಲ್.ಗೆ ಎಷ್ಟು ಕಾರ್ಬ್, ಅದರಲ್ಲಿ ಸಕ್ಕರೆ ಎಷ್ಟು ಎಂದು ನೇರವಾಗಿ ಬರುತ್ತದೆ. ಆಮದುದಾರರ ಸ್ಟಿಕ್ಕರ್ ಅದರ ಮೇಲೆಯೇ ಕೂತಿದ್ದರೆ ಅದು ನಿಮ್ಮ ದುರದೃಷ್ಟ. ದುಬೈ, ಲಂಡನ್ ಕಡೆಯ ಕನ್ನಡಿಗರಿಗೆ ಈ ಸೌಲಭ್ಯ ನಮಗಿಂತ ಹೆಚ್ಚು ಸಿಕ್ಕೀತು.

ಈಗ ಬಾಟಲಿಗಳು. ಕೆಂಪಿನಲ್ಲಿ ಮೊದಲ ಆಯ್ಕೆ ಗ್ರೋವರ್ ಜಂಪಾದ ಲಾ ರಿಸರ್ವ್. ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಹತ್ತಿರ 1988ರಲ್ಲಿ ಶುರುವಾದ ಕಂಪನಿ. ಕ್ಯಾಬರ್ನೆ ಸುವಿನ್ಯೋಂ ಮತ್ತು ಶಿರಾಜ್ ಬೆರೆಸಿ ಓಕ್ ಪೀಪಾಯಿಯಲ್ಲಿ ಇಟ್ಟದ್ದು. ಡ್ರೈ, ನಾಲಿಗೆಯ ಬದಿ ಹಿಡಿಯುವ ಒಗರು ಇದೆ. ಹೊಸಬರಿಗೆ ಮೊದಲ ಗುಟುಕು ಅಡಿಕೆ ಅಗಿದಂತೆ ಅನಿಸಿದರೆ ಆಶ್ಚರ್ಯವಿಲ್ಲ. ಅರ್ಧ ಗಂಟೆ ಮುಂಚೆ ಜಗ್ಗಿಗೆ ಸುರಿದಿಟ್ಟರೆ ಒಗರು ತಗ್ಗುತ್ತದೆ, ಮಟನ್ ಚಾಪ್ಸ್ ಜೊತೆಗಂತೂ ಮಾಯವೇ ಆಗುತ್ತದೆ, ಏಕೆಂದರೆ ಒಗರು ಕೊಡುವ ಟ್ಯಾನಿನ್ ಎಂಬ ಅಂಶ ಮಾಂಸದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಕಾರ್ಬ್ ಬಿಟ್ಟು ಮಾಂಸ ಹೆಚ್ಚಿಸಿಕೊಂಡ ತಟ್ಟೆಗೆ ಇದಕ್ಕಿಂತ ಒಳ್ಳೆಯ ಜೋಡಿ ಈ ಬೆಲೆಯಲ್ಲಿ ಕಷ್ಟ. ಹಂಪಿ ಸೀಮೆಯ ಕೃಷ್ಮಾ ಎಸ್ಟೇಟ್ಸ್‌ನ ಕ್ಯಾಬರ್ನೆ ಸುವಿನ್ಯೋಂ, ಸಾಂಜೊವೇಸೆ ಎರಡೂ ಡ್ರೈ, ಎರಡೂ ಮೇಲ್ಮಟ್ಟದವು. ಆದರೆ ಹೆಚ್ಚು ಹಣ ಕೊಡುವುದು ರುಚಿಗೆ, ಕಡಿಮೆ ಕಾರ್ಬಿಗೆ ಅಲ್ಲ. ಈ ವಿಷಯದಲ್ಲಿ ದುಬಾರಿ ಡ್ರೈಯೂ ಅಗ್ಗದ ಡ್ರೈಯೂ ಅಣ್ಣತಮ್ಮಂದಿರು. ಮಹಾರಾಷ್ಟ್ರದ ಅಕ್ಲೂಜ್‌ನ ಫ್ರಾಟೆಲ್ಲಿ ಕಂಪನಿಯ ಸೆಟ್ಟೆಯದೂ ಇದೇ ಮಾತು.

ಸುಲಾದ ದಿಂಡೋರಿ ರಿಸರ್ವ್ ಶಿರಾಜ್ ಬಗ್ಗೆ ‘ಸ್ವಲ್ಪ ಸಿಹಿ ಇದೆಯಲ್ಲ’ ಎಂಬ ದೂರು ಕೇಳಿಬರುತ್ತದೆ. ಇದು ಮೂಗು ಮಾಡುವ ಮೋಸ. ಮಾಗಿದ ಹಣ್ಣಿನ ಕಂಪು, ಓಕಿನಿಂದ ಬಂದ ವೆನಿಲ್ಲಾ ವಾಸನೆ ಎರಡೂ ಸೇರಿದಾಗ ಮೆದುಳು ಐಸ್‌ಕ್ರೀಮನ್ನು ನೆನಪಿಸಿಕೊಂಡು ಸಿಹಿ ಎಂದು ತೀರ್ಪು ಕೊಡುತ್ತದೆ. ಮೂಗು ಬಿಗಿಹಿಡಿದು ಒಂದು ಗುಟುಕು ಕುಡಿದರೆ ಸಿಹಿ ಹೋಗಿ ಬರೀ ಹುಳಿ, ಒಗರು ಉಳಿಯುತ್ತದೆ. ಸಕ್ಕರೆ ನಿಜವಾಗಿಯೂ ಇದ್ದರೆ ಮೂಗು ಮುಚ್ಚಿದರೂ ನಾಲಿಗೆಗೆ ಗೊತ್ತಾಗುತ್ತದೆ. ಯಾವ ವೈನಿಗೂ ಮಾಡಬಹುದಾದ ಪರೀಕ್ಷೆ ಇದು, ಹೋಟೆಲಿನಲ್ಲಿ ಅಕ್ಕಪಕ್ಕದವರು ನೋಡಿದರೆ ನೋಡಲಿ. ಒಂದು ಎಚ್ಚರ: ಫ್ರಿಜ್ಜಿನಿಂದ ತೆಗೆದ ತಕ್ಷಣ ಮಾಡಬೇಡಿ. ತಂಪು ಸಿಹಿಯನ್ನು ಅಡಗಿಸುತ್ತದೆ. ಹುಳಿಯೂ ಹಾಗೆಯೇ, ಜರ್ಮನಿಯ ಹುಳಿ ರೀಸ್ಲಿಂಗಿನಲ್ಲಿ ಗಣನೀಯ ಸಕ್ಕರೆ ಇದ್ದರೂ ನಿಂಬೆ ಪಾನಕದಂತೆ ಚುರುಕಾಗಿ ಇಳಿಯುತ್ತದೆ. ಪಾನಕದಲ್ಲಿ ಎಷ್ಟು ಬೆಲ್ಲ ಬಿದ್ದಿದೆ ಎಂಬುದು ಕುಡಿಯುವವರಿಗೆ ಎಲ್ಲಿ ತಿಳಿಯುತ್ತದೆ?

ಬಿಳಿಯಲ್ಲಿ ಗೊಂದಲ ಹೆಚ್ಚು. ಸುಲಾದ ಸುವಿನ್ಯೋಂ ಬ್ಲಾಂಕ್ ಡ್ರೈ, ಅದೇ ಕಂಪನಿಯ ಶೆನಿನ್ ಬ್ಲಾಂಕ್ ಅರೆಸಿಹಿಯ ಕಡೆಗೆ ವಾಲಿದ್ದು. ಕಪಾಟಿನಲ್ಲಿ ಎರಡೂ ಅಕ್ಕಪಕ್ಕ ಕೂತಿರುತ್ತವೆ, ಅವಸರದಲ್ಲಿ ಕೈ ಯಾವುದಕ್ಕೂ ಹೋಗಬಹುದು. ಕಾರ್ಬ್ ಲೆಕ್ಕಕ್ಕೆ ಸುವಿನ್ಯೋಂ ಬ್ಲಾಂಕ್ ತೆಗೆದುಕೊಳ್ಳಿ. ಆದರೂ ಶೆನಿನ್ ಮೇಲೆ ಪೂರ್ತಿ ನಿಷೇಧ ಬೇಕಿಲ್ಲ. ಕೋಳಿ ಸುಕ್ಕ, ಆಂಧ್ರ ಶೈಲಿಯ ಚಿಲ್ಲಿ ಚಿಕನ್‌ನಂಥ ಖಾರದ ತಿನಿಸಿಗೆ ಡ್ರೈ ವೈನ್ ಬೆಂಕಿಗೆ ತುಪ್ಪ ಸುರಿದಂತೆ. ಆಲ್ಕೋಹಾಲ್ ಖಾರವನ್ನು ಏರಿಸುತ್ತದೆ, ಚೂರು ಸಿಹಿ ಅದನ್ನು ಇಳಿಸುತ್ತದೆ. ಅಂಥ ಊಟಕ್ಕೆ ಅರ್ಧ ಗ್ಲಾಸ್ ಶೆನಿನ್ ಸಾಕು. ಇದಕ್ಕೆ ವಿರುದ್ಧವಾಗಿ, ಸುಲಾದ ಲೇಟ್ ಹಾರ್ವೆಸ್ಟ್ ಶೆನಿನ್, ಬಿಗ್ ಬ್ಯಾನ್ಯನ್‌ನ ಬೆಲಿಸಿಮಾ ಇವು ಊಟದ ಕೊನೆಯ ಸಿಹಿಗೆಂದೇ ಮಾಡಿದವು. ಒಳ್ಳೆಯ ವೈನ್‌ಗಳೇ, ಆದರೆ ಈ ಪಟ್ಟಿಗೆ ಸೇರಿದವಲ್ಲ.

ನಮ್ಮ ಊರಿನ ಬೆಂಗಳೂರು ಬ್ಲೂ ದ್ರಾಕ್ಷಿಗೆ ಒಂದು ಮಾತು. 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಕಪ್ಪು ದ್ರಾಕ್ಷಿಯಿಂದ ದೇಶದ ಅಗ್ಗದ ‘ಪೋರ್ಟ್’ ವೈನ್‌ಗಳು ಬಹಳಷ್ಟು ತಯಾರಾಗುತ್ತವೆ. ಸಿಹಿ ಬರುವುದು ದ್ರಾಕ್ಷಿಯ ತಪ್ಪಿನಿಂದಲ್ಲ. ಅದರ ಗಾಢ ವಾಸನೆಯನ್ನೂ ಹುಳಿಯನ್ನೂ ಮುಚ್ಚಲು ಸಕ್ಕರೆ ಉಳಿಸುತ್ತಾರೆ ಅಥವಾ ಬೆರೆಸುತ್ತಾರೆ. ಲೇಬಲ್ ಮೇಲೆ ಪೋರ್ಟ್ ಎಂದಿದ್ದರೆ, ಯಾವ ಕಂಪನಿಯದಾದರೂ ಸರಿ, ಅಲ್ಲೇ ಬಿಡಿ.

ಬುರುಗು ವೈನ್ (ಗುಳ್ಳೆ ಏಳುವ ಸ್ಪಾರ್ಕ್ಲಿಂಗ್ ವೈನ್) ಅತಿ ಹೆಚ್ಚು ತಪ್ಪು ನಡೆಯುವ ಜಾಗ, ಅತಿ ಒಳ್ಳೆಯ ಆಯ್ಕೆಗಳೂ ಇಲ್ಲೇ ಇವೆ. ಬಾಟಲಿಯೊಳಗೇ ಎರಡನೇ ಸಲ ಹುದುಗಿಸಿ, ಯೀಸ್ಟಿನ ಗಸಿಯನ್ನು ತೆಗೆದ ಮೇಲೆ, ಖಾಲಿಯಾದ ಜಾಗಕ್ಕೆ ವೈನ್ ಮತ್ತು ಸಕ್ಕರೆಯ ಪಾಕವನ್ನು ಸ್ವಲ್ಪ ತುಂಬುತ್ತಾರೆ. ಎಷ್ಟು ಪಾಕ ಎಂಬುದರ ಮೇಲೆ ಹೆಸರು. ಲೀಟರಿಗೆ 3 ಗ್ರಾಂ ಒಳಗೆ, ಪಾಕವನ್ನೇ ಹಾಕದಿದ್ದರೆ ಬ್ರೂಟ್ ನೇಚರ್. 6ರವರೆಗೆ ಎಕ್ಸ್‌ಟ್ರಾ ಬ್ರೂಟ್. 12ರ ಒಳಗೆ ಬ್ರೂಟ್. 12ರಿಂದ 17 ಎಕ್ಸ್‌ಟ್ರಾ ಡ್ರೈ. 17ರಿಂದ 32 ಡ್ರೈ ಅಥವಾ ಸೆಕ್. 32ರಿಂದ 50 ಡೆಮಿ ಸೆಕ್. ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಿ: ಬುರುಗು ವೈನಿನಲ್ಲಿ ‘ಎಕ್ಸ್‌ಟ್ರಾ ಡ್ರೈ’ ಎಂದರೆ ಬ್ರೂಟ್‌ಗಿಂತ ಸಿಹಿ, ಬರೀ ‘ಡ್ರೈ’ ಎಂದರೆ ಅದಕ್ಕಿಂತಲೂ ಸಿಹಿ. ಶಾಂಪೇನ್ ಬಹಳ ಸಿಹಿಯಾಗಿದ್ದ 19ನೇ ಶತಮಾನದಲ್ಲಿ ಹುಟ್ಟಿದ ಹೆಸರುಗಳಿವು. ರುಚಿ ಬದಲಾಯಿತು, ಹೆಸರು ಉಳಿಯಿತು. ಇಟಲಿಯ ಪ್ರೊಸೆಕ್ಕೊ ಬಹಳಷ್ಟು ಎಕ್ಸ್‌ಟ್ರಾ ಡ್ರೈ ವರ್ಗದಲ್ಲೇ ಬರುತ್ತದೆ, ಕೊಳ್ಳುವಾಗ ಬ್ರೂಟ್ ಎಂದು ಬರೆದದ್ದನ್ನೇ ಆರಿಸಿ.

ನಮ್ಮಲ್ಲಿ ಸುಲಾ ಬ್ರೂಟ್, ಜಂಪಾ ಸ್ವಾರೆ ಬ್ರೂಟ್, ಶಾಂಡನ್ ಬ್ರೂಟ್ ಮೂರೂ ಬ್ರೂಟ್ ಮಿತಿಯವು. 12 ಗ್ರಾಂ ಎಂಬುದು ಮೇಲಿನ ಗಡಿ. ಗಡಿಯಲ್ಲೇ ಇದ್ದರೂ 120 ಎಂ.ಎಲ್.ನ ಉದ್ದ ಗ್ಲಾಸಿಗೆ ಒಂದೂವರೆ ಗ್ರಾಂ ದಾಟುವುದಿಲ್ಲ. ಉದ್ದ ಗ್ಲಾಸಿನ ಲಾಭ ಇನ್ನೊಂದು: ಬುರುಗಿನಿಂದಾಗಿ ನಿಧಾನಕ್ಕೆ ಕುಡಿಯುತ್ತೀರಿ, ಒಂದು ಗ್ಲಾಸ್ ಒಂದೇ ಗ್ಲಾಸಾಗಿ ಉಳಿಯುತ್ತದೆ.

ಕ್ಯಾನಿನಲ್ಲಿ ಬರುವ ಹಣ್ಣಿನ ರುಚಿಯ ವೈನ್, ಸಾಂಗ್ರಿಯ, ಹೋಟೆಲಿನ ‘ವೈನ್ ಕಾಕ್‌ಟೇಲ್’ ಇವುಗಳನ್ನು ವಿಮರ್ಶೆಗೇ ಎತ್ತಿಕೊಂಡಿಲ್ಲ. ಸಾಂಗ್ರಿಯಕ್ಕೆ ಹಣ್ಣಿನ ರಸವೂ ಸಕ್ಕರೆಯೂ ಬೀಳುತ್ತದೆ, ಎಷ್ಟು ಎಂದು ಬಾರಿನವರಿಗೂ ಲೆಕ್ಕವಿಲ್ಲ. ತಣ್ಣಗೆ, ಉದ್ದವಾಗಿ ಏನಾದರೂ ಬೇಕಿದ್ದರೆ 100 ಎಂ.ಎಲ್. ಡ್ರೈ ಬಿಳಿ ವೈನಿಗೆ ಅಷ್ಟೇ ಸಾದಾ ಸೋಡಾ, ಒಂದು ಹೋಳು ನಿಂಬೆ. ಟಾನಿಕ್ ವಾಟರ್ ಅಲ್ಲ. ಅದು ಕಹಿ ಎಂದು ಸಕ್ಕರೆ ಇಲ್ಲವೆಂದುಕೊಳ್ಳುವವರಿದ್ದಾರೆ. ಸಾಮಾನ್ಯ ಟಾನಿಕ್ಕಿನಲ್ಲಿ ತಂಪು ಪಾನೀಯಕ್ಕೆ ಹತ್ತಿರ ಹತ್ತಿರ ಸಕ್ಕರೆ ಇರುತ್ತದೆ. ಆಲ್ಕೋಹಾಲ್ ತೆಗೆದ ವೈನ್ ಇನ್ನೊಂದು ಬಲೆ. ಆಲ್ಕೋಹಾಲ್ ಹೋದಾಗ ಮೈಕಟ್ಟು ಹೋಗುತ್ತದೆ, ಅದನ್ನು ತುಂಬಲು ಬಹಳ ಸಲ ದ್ರಾಕ್ಷಿರಸವನ್ನೋ ಸಕ್ಕರೆಯನ್ನೋ ಸೇರಿಸುತ್ತಾರೆ. ಅದರ ಹಿಂಬದಿಯ ಪಟ್ಟಿಯನ್ನು ಓದದೆ ಕೊಳ್ಳಬೇಡಿ.

ಅಮೆರಿಕದಲ್ಲಿ ಇರುವವರಿಗೆ ‘ಕೀಟೋ ವೈನ್’ ಜಾಹೀರಾತುಗಳು ಕಣ್ಣಿಗೆ ಬೀಳುತ್ತಿರುತ್ತವೆ. ಡ್ರೈ ಫಾರ್ಮ್ ವೈನ್ಸ್ ಎಂಬ ಕಂಪನಿ ಲೀಟರಿಗೆ 1 ಗ್ರಾಂ ಮೀರದ ಸಕ್ಕರೆ, ಶೇ 12.5 ಮೀರದ ಆಲ್ಕೋಹಾಲ್ ಎಂದು ಹೇಳಿ ಬಾಟಲಿಗಳನ್ನು ಮನೆಗೆ ಕಳಿಸುತ್ತದೆ. ಲೆಕ್ಕ ಹಾಕಿ: 4ರಿಂದ 1ಕ್ಕೆ ಇಳಿದರೆ ಗ್ಲಾಸಿಗೆ ಉಳಿತಾಯ 0.45 ಗ್ರಾಂ. ನಾಲ್ಕೈದು ಕಡಲೆಬೀಜದಲ್ಲಿರುವಷ್ಟು ಅನ್ನಿ. ಆಲ್ಕೋಹಾಲ್ ಮಿತಿಗೆ ಮಾತ್ರ ಅರ್ಥವಿದೆ. ಶೇ 14ರ ಬದಲು 12.5 ಕುಡಿದರೆ ಗ್ಲಾಸಿಗೆ ಹನ್ನೆರಡು ಕ್ಯಾಲರಿ ಕಮ್ಮಿ. ಅದಕ್ಕೆ ವಿಶೇಷ ಕಂಪನಿ ಬೇಕಿಲ್ಲ, ಲೇಬಲ್ಲಿನ ಅಂಕಿ ಓದಲು ಬಂದರೆ ಸಾಕು.

ಲೇಬಲ್ ಮೇಲೆ ನಂಬಿಕೆಯೇ ಇಲ್ಲದವರಿಗೆ ಹೈಡ್ರೋಮೀಟರ್ ಇದೆ, ಮನೆಯಲ್ಲಿ ವೈನ್ ಮಾಡುವವರು ಬಳಸುವ ತೇಲುವ ಗಾಜಿನ ಕೊಳವೆ. ನೀರಿನಲ್ಲಿ ಅದು 1.000 ತೋರಿಸಬೇಕು. ಆಲ್ಕೋಹಾಲ್ ನೀರಿಗಿಂತ ಹಗುರವಾದ್ದರಿಂದ ಡ್ರೈ ವೈನ್ 0.990ರಿಂದ 0.995ರ ನಡುವೆ ನಿಲ್ಲುತ್ತದೆ. ಲೀಟರಿಗೆ ಪ್ರತಿ 10 ಗ್ರಾಂ ಸಕ್ಕರೆಗೆ ಸುಮಾರು 0.004 ಏರುತ್ತದೆ. 1.000 ದಾಟಿದರೆ ಆ ಬಾಟಲಿ ನಿಮ್ಮದಲ್ಲ. ವೈನ್ 20 ಡಿಗ್ರಿ ಆಸುಪಾಸಿನಲ್ಲಿರಲಿ. ಬುರುಗು ವೈನಾದರೆ ಕದಡಿ ಗ್ಯಾಸ್ ಪೂರ್ತಿ ಬಿಡಿಸಿ, ಇಲ್ಲವಾದರೆ ಗುಳ್ಳೆಗಳು ಕೊಳವೆಯನ್ನು ಎತ್ತಿ ಸುಳ್ಳು ಅಂಕಿ ತೋರಿಸುತ್ತವೆ. ಇನ್ನು ರಕ್ತದ ಸಕ್ಕರೆ ನೋಡುವ ಗ್ಲೂಕೋಮೀಟರಿಗೆ ವೈನ್ ಹನಿ ಹಾಕುವವರಿದ್ದಾರೆ. ಪರೀಕ್ಷೆಯ ಪಟ್ಟಿ (ಸ್ಟ್ರಿಪ್) ದಂಡ. ಅದು ರಕ್ತಕ್ಕೆ ಹೊಂದಿಸಿದ ಯಂತ್ರ, ಗ್ಲೂಕೋಸ್ ಒಂದನ್ನೇ ಹುಡುಕುತ್ತದೆ. ಯೀಸ್ಟ್ ಮೊದಲು ಗ್ಲೂಕೋಸನ್ನೇ ತಿಂದು ಮುಗಿಸುವುದರಿಂದ ವೈನಿನಲ್ಲಿ ಉಳಿಯುವುದು ಹೆಚ್ಚಾಗಿ ಫ್ರಕ್ಟೋಸ್.

ಸಕ್ಕರೆಯ ಲೆಕ್ಕ ಮುಗಿದರೂ ಆಲ್ಕೋಹಾಲಿನ ಲೆಕ್ಕ ಉಳಿಯುತ್ತದೆ, ಡಯಟಿಗೆ ದೊಡ್ಡ ಪೆಟ್ಟು ಅಲ್ಲಿಂದಲೇ. ಶೇ 13ರ 150 ಎಂ.ಎಲ್.ನಲ್ಲಿ 15 ಗ್ರಾಂ ಚಿಲ್ಲರೆ ಆಲ್ಕೋಹಾಲ್, ಗ್ರಾಂಗೆ 7ರಂತೆ ಸುಮಾರು 108 ಕ್ಯಾಲರಿ. ಸಕ್ಕರೆಯಿಂದ ಬರುವುದು ಎರಡೋ ಮೂರೋ. ಲಿವರ್ ಆಲ್ಕೋಹಾಲನ್ನು ಮೊದಲು ಸುಡುತ್ತದೆ, ಅಷ್ಟು ಹೊತ್ತು ಕೊಬ್ಬು ಕರಗುವ ಕೆಲಸ ಸರದಿಯಲ್ಲಿ ಹಿಂದೆ ನಿಲ್ಲುತ್ತದೆ. ಕಾರ್ಬ್ ಸೊನ್ನೆಯಾದರೂ ತೂಕ ಇಳಿಯದಿರುವುದಕ್ಕೆ ಇದೇ ಕಾರಣ. ಜೊತೆಗೆ ಲಿವರ್ ಹೊಸ ಗ್ಲೂಕೋಸ್ ತಯಾರಿಸುವುದನ್ನೂ ಆಲ್ಕೋಹಾಲ್ ತಡೆಯುತ್ತದೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಕಾರ್ಬ್ ತಿನ್ನದೆ ಕುಡಿದರೆ ರಾತ್ರಿ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು, ಅದರ ಲಕ್ಷಣ ಅಮಲಿನಂತೆಯೇ ಕಾಣುವುದರಿಂದ ಮನೆಯವರಿಗೂ ತಿಳಿಯುವುದಿಲ್ಲ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಧುಮೇಹದ ಮಾತ್ರೆ ನುಂಗುವವರಿಗೆ ಕಡಿಮೆ ಕಾರ್ಬ್ ಊಟ, ಆಲ್ಕೋಹಾಲ್ ಎರಡೂ ಸೇರಿದರೆ ಕೀಟೋ ಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರುವ ತುರ್ತು ಸ್ಥಿತಿ) ಅಪಾಯ ಏರುತ್ತದೆ. ಇವರು ವೈನ್ ಆರಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಆಲ್ಕೋಹಾಲಿಗೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆರೋಗ್ಯಕ್ಕೆಂದು ಕುಡಿಯುವ ವೈನ್ ಯಾವುದೂ ಇಲ್ಲ.

ನಂಚಿಕೊಳ್ಳುವುದರಲ್ಲಿ ಮನೆ ಮುಳುಗುವುದೇ ಜಾಸ್ತಿ. ಗ್ಲಾಸಿನಲ್ಲಿ ಅರ್ಧ ಗ್ರಾಂ ಉಳಿಸಿ ಗೋಬಿ ಮಂಚೂರಿಯಲ್ಲಿ ಕಾರ್ನ್‌ಫ್ಲೋರ್, ಮೈದಾ, ಸಾಸಿನ ಸಕ್ಕರೆ ಎಲ್ಲ ತಿಂದರೆ ಏನು ಬಂತು? ನಮ್ಮ ಕೆಂಪು ಚಿಕನ್ ಕಬಾಬಿಗೂ ಕಾರ್ನ್‌ಫ್ಲೋರ್, ಅಕ್ಕಿಹಿಟ್ಟಿನ ಹೊದಿಕೆ ಇರುತ್ತದೆ. ತಂದೂರಿ, ಪೆಪ್ಪರ್ ಚಿಕನ್, ಹಿಟ್ಟು ಹಚ್ಚದ ತವಾ ಮೀನು, ಮೊಟ್ಟೆ, ಪನೀರ್ ಟಿಕ್ಕಾ ವಾಸಿ. ಕಾಂಗ್ರೆಸ್ ಕಡಲೆಬೀಜ 30 ಗ್ರಾಂ ಎಂದರೆ ನಾರು ಸೇರಿ 5 ಗ್ರಾಂ ಆಸುಪಾಸು ಕಾರ್ಬ್. ಬಟ್ಟಲಿಗೆ ಹಾಕಿಕೊಂಡು ತಿನ್ನಿ, ಪೊಟ್ಟಣದಿಂದ ಅಲ್ಲ.

ಒಂದೇ ಗ್ಲಾಸ್ ಕುಡಿದವರಿಗೆ ಉಳಿದ 600 ಎಂ.ಎಲ್. ಏನು ಮಾಡುವುದೆಂಬ ಚಿಂತೆ. ಬಾಟಲಿ ತೆರೆದ ಕೂಡಲೇ, ಕುಡಿಯುವ ಮೊದಲೇ, 375 ಎಂ.ಎಲ್.ನ ಶುಭ್ರವಾದ ಸಣ್ಣ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ ತಿರುಪು ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಡಿ, ಕೆಂಪಾದರೂ ಸರಿ. ಗಾಳಿ ತಾಕದಿದ್ದರೆ ಒಂದು ವಾರ ಕೆಡುವುದಿಲ್ಲ. ಅರ್ಧ ಬಾಟಲಿಯನ್ನು ಹಾಗೇ ಬಿಟ್ಟರೆ ಮೂರು ದಿನಕ್ಕೆ ವಿನೆಗರಿನ ದಾರಿ ಹಿಡಿಯುತ್ತದೆ. ಕೆಂಪನ್ನು ಕುಡಿಯುವ 20 ನಿಮಿಷ ಮೊದಲು ಫ್ರಿಜ್ಜಿನಿಂದ ಆಚೆ ಇಡಿ. ಮಿಕ್ಕದ್ದನ್ನು ಮಟನ್ ಗ್ರೇವಿಗೆ ಹಾಕುವುದಾದರೆ ಡ್ರೈ ವೈನನ್ನೇ ಹಾಕಿ: ಕುದಿಸಿದಾಗ ಆಲ್ಕೋಹಾಲ್ ಬಹುಪಾಲು ಹಾರಿಹೋಗುತ್ತದೆ, ಸಕ್ಕರೆ ಹಾರುವುದಿಲ್ಲ, ನೀರು ಬತ್ತಿದಷ್ಟೂ ಅದು ಗಟ್ಟಿಯಾಗುತ್ತದೆ.